ಜಿಲ್ಲಾಧಿಕಾರಿಗಿಂತ ಮೇಲೊಂದು ಕುರ್ಚಿ

ಕಾಯ್ದೆಯ ಹೆಸರಲ್ಲಿರುವುದು 1983, ಶಾಸನ ಸಂಪುಟದಲ್ಲಿ ಅದಕ್ಕೆ ಕೊಟ್ಟಿರುವ ಸಂಖ್ಯೆ 1985ರ 20. ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯಿತಿ ಸಮಿತಿಗಳು, ಮಂಡಲ ಪಂಚಾಯಿತಿಗಳು ಮತ್ತು ನ್ಯಾಯ ಪಂಚಾಯಿತಿಗಳ ಅಧಿನಿಯಮ ಎಂಬ ಉದ್ದದ ಹೆಸರಿಗೂ ಆ ಸಂಖ್ಯೆಗೂ ನಡುವೆ ಎರಡು ವರ್ಷದ ಕಂದರವಿದೆ. ನನ್ನ ಹುಡುಕಾಟ ಶುರುವಾದದ್ದು ಅಲ್ಲಿಂದಲೇ. ಬೆಂಗಳೂರಿನಲ್ಲಿ ಅಂಗೀಕಾರವಾದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬೀಳುವ ಹೊತ್ತಿಗೆ 1985 ಬಂದಿತ್ತು. ಹಳ್ಳಿಗೆ ಅಧಿಕಾರ ಕೊಡುತ್ತೇನೆಂದು ಹೊರಟ ರಾಜ್ಯ ಮೊದಲು ತಾನೇ ದೆಹಲಿಯ ಬಾಗಿಲಲ್ಲಿ ಕಾಯಬೇಕಾಯಿತು.

ನನಗೆ ತಿಳಿಯಬೇಕಿದ್ದದ್ದು ಇಷ್ಟೇ: ವಿಧಾನಸೌಧ ತನ್ನ ಅಧಿಕಾರದಲ್ಲಿ ಎಷ್ಟನ್ನು ಜಿಲ್ಲೆಗೆ ಬಿಟ್ಟುಕೊಟ್ಟಿತು, ಬಿಟ್ಟ ಮೇಲೆ ಎರಡೂ ಕೂಡಿ ನಡೆದದ್ದು ಹೇಗೆ? ಭಾಷಣಗಳನ್ನು ಓದಿದರೆ ಎಲ್ಲವನ್ನೂ ಕೊಟ್ಟಂತೆಯೇ ಕಾಣುತ್ತದೆ. ಆದ್ದರಿಂದ ಭಾಷಣಗಳನ್ನು ಬದಿಗಿಟ್ಟು ಕಾಯ್ದೆ, ಆಯವ್ಯಯದ ಪುಸ್ತಕ, ಮೌಲ್ಯಮಾಪನದ ವರದಿ ಹಿಡಿದು ಕೂತೆ.

ಹೊಸದರ ಅಳತೆ ಸಿಗಬೇಕಾದರೆ ಹಳೆಯದನ್ನು ಪಕ್ಕದಲ್ಲಿಡಬೇಕು. 1959ರ ಕಾಯ್ದೆಯಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿಗಳಿಗೆ ಚುನಾವಣೆಯಿತ್ತು. ಆದರೆ ಜಿಲ್ಲಾ ಮಟ್ಟದ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷರು ಜಿಲ್ಲಾಧಿಕಾರಿ. ಜನಪ್ರತಿನಿಧಿಗಳು ಸುತ್ತ ಕೂರುತ್ತಿದ್ದರು, ಸಭೆ ನಡೆಸುತ್ತಿದ್ದವರು ಅಧಿಕಾರಿ. ಹೊಸ ಕಾಯ್ದೆ ಇದನ್ನು ತಲೆಕೆಳಗು ಮಾಡಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯೆಂದು ಒಬ್ಬ ಐಎಎಸ್ ಅಧಿಕಾರಿ, ಅದೂ ಸೇವಾ ಹಿರಿತನದಲ್ಲಿ ಜಿಲ್ಲಾಧಿಕಾರಿಗಿಂತ ಮೇಲಿನವರು. ಕಂದಾಯ ಮತ್ತು ಕಾನೂನು ಸುವ್ಯವಸ್ಥೆ ಜಿಲ್ಲಾಧಿಕಾರಿಗೆ ಉಳಿಯಿತು, ಅಭಿವೃದ್ಧಿ ಕೈತಪ್ಪಿತು. ಬ್ರಿಟಿಷರ ಕಾಲದಿಂದ ಜಿಲ್ಲೆಯೆಂದರೆ ಕಲೆಕ್ಟರ್ ಎಂದೇ ಬೆಳೆದಿದ್ದ ಆಡಳಿತದಲ್ಲಿ ಇದು ಸಣ್ಣ ಮಾತಲ್ಲ. ಈ ಕಾಯ್ದೆಯ ಹಿಂದಿದ್ದ ಪಂಚಾಯತ್ ರಾಜ್ ಸಚಿವ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರನ್ನು ನಾಡು ಕೊಳವೆಬಾವಿಗಳಿಗಾಗಿ ‘ನೀರ್ ಸಾಬ್’ ಎಂದು ನೆನೆಯುತ್ತದೆ. ನನ್ನನ್ನು ಕೇಳಿದರೆ ಅವರ ನಿಜವಾದ ಜಾಣ್ಮೆ ಇರುವುದು ಈ ಕುರ್ಚಿಯ ಎತ್ತರದಲ್ಲಿ. ಪಂಚಾಯಿತಿಯನ್ನು ಹೊಗಳುವ ಮಂತ್ರಿಗಳು ಬೇಕಾದಷ್ಟು ಮಂದಿ ಆಗಿಹೋದರು. ಅಧಿಕಾರಿಗಳ ಹಿರಿತನದ ಪಟ್ಟಿಗೆ ಕೈ ಹಾಕಿದವರು ಕಡಿಮೆ.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. 19 ಜಿಲ್ಲಾ ಪರಿಷತ್ತುಗಳಿಗೆ 887 ಸದಸ್ಯರು, 2,536 ಮಂಡಲ ಪಂಚಾಯಿತಿಗಳಿಗೆ ಐವತ್ತೈದು ಸಾವಿರಕ್ಕೂ ಹೆಚ್ಚು ಮಂದಿ. ಕಾಲು ಭಾಗ ಸ್ಥಾನ ಮಹಿಳೆಯರಿಗೆ ಮೀಸಲು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬರಲು ಆಗಿನ್ನೂ ಐದಾರು ವರ್ಷವಿತ್ತು. ರಾಜ್ಯದಲ್ಲಿ ಆಳುತ್ತಿದ್ದದ್ದು ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ, ಕೆಲವು ಜಿಲ್ಲೆಗಳು ಹೋದದ್ದು ಕಾಂಗ್ರೆಸ್ಸಿನ ಕೈಗೆ. ಸಹಕಾರಕ್ಕೆ ಪರೀಕ್ಷೆ ಎದುರಾಗುವುದು ಇಂಥಲ್ಲೇ. ಮುಖ್ಯಮಂತ್ರಿಗಳ ಅಧ್ಯಕ್ಷತೆಯ ರಾಜ್ಯ ಅಭಿವೃದ್ಧಿ ಮಂಡಳಿಯಲ್ಲಿ ಎಲ್ಲ ಪರಿಷತ್ತುಗಳ ಅಧ್ಯಕ್ಷರೂ ಸದಸ್ಯರು. ಅಂದರೆ ವಿರೋಧ ಪಕ್ಷದ ಜಿಲ್ಲಾ ಅಧ್ಯಕ್ಷರೂ ಮನವಿಪತ್ರ ಹಿಡಿದು ಬಾಗಿಲಲ್ಲಿ ನಿಲ್ಲದೆ, ಮೇಜಿನ ಎದುರು ಕೂತು ಮುಖ್ಯಮಂತ್ರಿಯೊಡನೆ ಮಾತಾಡಬಹುದಿತ್ತು.

ಶಾಸಕರ ಕಥೆ ಬೇರೆ. ಅವರಿಗೆ ತಾಲ್ಲೂಕು ಪಂಚಾಯಿತಿ ಸಮಿತಿಯ ಅಧ್ಯಕ್ಷ ಸ್ಥಾನ ಕೊಟ್ಟು, ಆ ಸಮಿತಿಯನ್ನು ಸಲಹೆಗೆ ಮಾತ್ರ ಸೀಮಿತಗೊಳಿಸಲಾಗಿತ್ತು. ಪಟ್ಟ ಉಂಟು, ಪೆಟ್ಟಿಗೆ ಇಲ್ಲ. ಶಾಸಕರು ಇದನ್ನು ಮರೆಯಲಿಲ್ಲವೆಂಬುದು ಮುಂದಿನ ವರ್ಷಗಳ ಕಡತಗಳನ್ನು ತಿರುವಿದರೆ ಕಾಣುತ್ತದೆ.

ಕುರ್ಚಿ ಸಿಕ್ಕಿತು ಸರಿ, ದುಡ್ಡು? ಅದಕ್ಕೆ ಆಯವ್ಯಯದ ಸಂಪುಟಗಳಿಗೇ ಇಳಿಯಬೇಕು. ರಾಜ್ಯದ ಯೋಜನೆಗಳು ರಾಜ್ಯ ವಲಯ, ಜಿಲ್ಲಾ ವಲಯ ಎಂದು ಎರಡಾಗಿ ಒಡೆದಿವೆ. ಜಿಲ್ಲಾ ವಲಯದ ಹಣ ಯಾವ ಜಿಲ್ಲೆಗೆ, ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಎಂಬುದನ್ನು ಹೇಳುವುದಕ್ಕೆ ‘ಲಿಂಕ್ ಡಾಕ್ಯುಮೆಂಟ್’ ಎಂಬ ಪ್ರತ್ಯೇಕ ಪುಸ್ತಕವಿದೆ. ಪತ್ರಕರ್ತರು ಆಯವ್ಯಯ ಭಾಷಣವನ್ನು ಬರೆಯುತ್ತಾರೆ, ಈ ಪುಸ್ತಕವನ್ನು ಮುಟ್ಟುವವರು ವಿರಳ. ಸಾಲುಸಾಲಾಗಿ ಓದುತ್ತ ಹೋದರೆ ಮೊದಲು ಬೆರಗಾಗುತ್ತದೆ, ಶಾಲೆ, ಆಸ್ಪತ್ರೆ, ಕುಡಿಯುವ ನೀರು, ರಸ್ತೆ ಎಲ್ಲವೂ ಜಿಲ್ಲೆಯ ಹೆಸರಿನಲ್ಲಿದೆಯಲ್ಲ ಎಂದು. ನಿಧಾನವಾಗಿ ಓದಿದಾಗ ಬೇರೆಯದು ಕಾಣುತ್ತದೆ. ಬಹುಪಾಲು ಸಂಬಳಕ್ಕೆ, ಮಿಕ್ಕದ್ದರಲ್ಲೂ ಹೆಚ್ಚಿನದು ಮೇಲೆ ರೂಪಿಸಿದ ಇಂತಿಂಥ ಯೋಜನೆಗೇ ಕಟ್ಟಿದ ಹಣ. ಮಗನನ್ನು ಸಂತೆಗೆ ಕಳಿಸುವ ಅಪ್ಪ ದುಡ್ಡಿನ ಜೊತೆ, ಇಂಥ ಅಂಗಡಿಯಲ್ಲಿ ಇಂಥದ್ದನ್ನೇ ಕೊಳ್ಳು ಎಂಬ ಚೀಟಿಯನ್ನೂ ಕೊಟ್ಟ ಹಾಗೆ. ಸಿಬ್ಬಂದಿಯೂ ಹಾಗೆಯೇ: ಕೆಲಸ ಪರಿಷತ್ತಿನಲ್ಲಿ, ನೇಮಕ ಮತ್ತು ಬಡ್ತಿಯ ಕಡತ ಇಲಾಖೆಯಲ್ಲಿ.

ಇಷ್ಟಿದ್ದೂ ಕೆಲಸ ನಡೆಯಿತು ಎನ್ನುವುದೇ ವಿಶೇಷ. ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಆಗಿದ್ದ ಅರ್ಥಶಾಸ್ತ್ರಜ್ಞ ಕೆ. ಎಸ್. ಕೃಷ್ಣಸ್ವಾಮಿ ಅವರ ಸಮಿತಿ ಈ ವ್ಯವಸ್ಥೆಯನ್ನು ಪರಿಶೀಲಿಸಿ 1989ರಲ್ಲಿ ವರದಿ ಕೊಟ್ಟಿತು. ಶಾಲೆಗಳಿಗೆ ಮೇಷ್ಟ್ರು, ಆಸ್ಪತ್ರೆಗಳಿಗೆ ಡಾಕ್ಟರು ಮೊದಲಿಗಿಂತ ಸರಿಯಾಗಿ ಬರತೊಡಗಿದ್ದರು ಎಂಬುದು ಆ ಕಾಲದ ಮೌಲ್ಯಮಾಪನಗಳಲ್ಲಿ ಎದ್ದು ಕಾಣುವ ಮಾತು. ಕಾರಣ ಗೂಢವೇನಲ್ಲ. ಗೈರುಹಾಜರಿಯ ದೂರು ಕೇಳುವವರು ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಕೂತಿದ್ದರು.

ಆದರೆ ಆ ವರದಿ ಓದಬೇಕಾದವರು ಅಷ್ಟರಲ್ಲಿ ಇರಲಿಲ್ಲ. 1988ರಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡರು. ಹೆಗಡೆಯವರ ನಂತರ ಬಂದ ಬೊಮ್ಮಾಯಿ ಸರ್ಕಾರ 1989ರ ಏಪ್ರಿಲ್‌ನಲ್ಲಿ ವಜಾ ಆಯಿತು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಆಗ ಕೇಳುವುದಕ್ಕೆ ಸಂವಿಧಾನದಲ್ಲಿ ಆಸರೆಯಿರಲಿಲ್ಲ.

ರಾಜ್ಯದ 1993ರ ಪಂಚಾಯಿತಿ ಕಾಯ್ದೆಯ ಹೊತ್ತಿಗೆ 73ನೇ ತಿದ್ದುಪಡಿಯಿಂದ ಆ ಆಸರೆ ಬಂತು. ಐದು ವರ್ಷ ಮುಗಿಯುವ ಮುನ್ನ ಚುನಾವಣೆ ಆಗಲೇಬೇಕೆನ್ನುತ್ತದೆ 243ಇ ವಿಧಿ. ಜಿಲ್ಲಾ ಪರಿಷತ್ತು ಜಿಲ್ಲಾ ಪಂಚಾಯಿತಿಯಾಯಿತು, ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು. ಈ ವಿಧಿ ಕೈಯಲ್ಲಿಟ್ಟುಕೊಂಡು 2021ರ ಕಡತಕ್ಕೆ ಬಂದರೆ ತಬ್ಬಿಬ್ಬಾಗುತ್ತದೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮುಗಿಸಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ಹಿಂದಕ್ಕೆ ಪಡೆದು, ಬೇರೊಂದು ಆಯೋಗಕ್ಕೆ ಕೊಟ್ಟಿತು. ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು. ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಲಿಂಕ್ ಡಾಕ್ಯುಮೆಂಟ್ ಮಾತ್ರ ಆಯವ್ಯಯದ ಜೊತೆ ತಪ್ಪದೆ ಬರುತ್ತಲೇ ಇತ್ತು, ಜಿಲ್ಲಾ ಪಂಚಾಯಿತಿಗಳ ಹೆಸರು ಮತ್ತು ಮೊತ್ತದ ಸಮೇತ.