ಅಗಲ ಟೈರಿನ ವನವಾಸ

1889ನೆಯ ಇಸವಿ ಮೇ 18. ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟ. ವಿಲಿಯಂ ಹ್ಯೂಂ ಎಂಬ ಸವಾರ ತನ್ನ ಸೈಕಲ್ಲಿನೊಡನೆ ಕಣಕ್ಕಿಳಿದಾಗ ನೆರೆದವರು ನಕ್ಕರು. ಉಳಿದವರ ಗಾಲಿಗಳಿಗೆ ತೆಳ್ಳಗಿನ ಗಟ್ಟಿ ರಬ್ಬರಿನ ಪಟ್ಟಿ. ಇವನ ಗಾಲಿಗಳಿಗೆ ಮಾತ್ರ ಗಾಳಿ ತುಂಬಿ ಉಬ್ಬಿದ ದಪ್ಪ ಟೈರು. ಇಷ್ಟು ಮೆತ್ತಗಿರುವ ಗಾಲಿ ಓಡುವುದುಂಟೇ ಎಂದು ಅವರ ಲೆಕ್ಕ. ಪಂದ್ಯ ಮುಗಿಯುವ ಹೊತ್ತಿಗೆ ಆ ನಗು ಅಡಗಿತ್ತು. ಗೆದ್ದವನು ಹ್ಯೂಂ.

ಇಂದು ರಸ್ತೆ ಸೈಕಲ್ಲಿಗೆ ಟೈರು ಕೊಳ್ಳಲು ಹೊರಟವರ ಮುಂದಿರುವ ಪ್ರಶ್ನೆಯೂ ಇದೇ: ಕಿರಿದೋ, ಅಗಲವೋ? ಬೆಲ್‌ಫಾಸ್ಟಿನಲ್ಲಿ ದೊರೆತ ಉತ್ತರವನ್ನು ಜಗತ್ತು ಮರೆತು, ಒಂದು ಶತಮಾನಕ್ಕೂ ಹೆಚ್ಚು ಕಾಲ ಅಲೆದು, ಮತ್ತೆ ಅಲ್ಲಿಗೇ ಬಂದು ನಿಂತ ಕಥೆ ಸ್ವಾರಸ್ಯವಾಗಿದೆ.

ಹ್ಯೂಮನ ಟೈರನ್ನು ಮಾಡಿದವನು ಜಾನ್ ಬಾಯ್ಡ್ ಡನ್‌ಲಪ್, ಕಸುಬಿನಿಂದ ಪಶುವೈದ್ಯ. ಮಗನ ಮೂರುಗಾಲಿಯ ಬಂಡಿ ಕಲ್ಲುಹಾಸಿನ ಬೀದಿಯಲ್ಲಿ ಕುಲುಕಾಡದೆ ಓಡಲೆಂದು ಮರದ ಬಿಲ್ಲೆಯೊಂದರ ಸುತ್ತ ರಬ್ಬರಿನ ಕೊಳವೆಯನ್ನು ಬಟ್ಟೆಯಿಂದ ಬಿಗಿದು ಗಾಳಿ ತುಂಬಿದ. ಬಂಡಿಯ ಹಳೆಯ ಗಾಲಿಯನ್ನೂ ಈ ಬಿಲ್ಲೆಯನ್ನೂ ಅಂಗಳದಲ್ಲಿ ಉರುಳಬಿಟ್ಟು ನೋಡಿದ. ಹಳೆಯದು ನಡುವೆಯೇ ನಿಂತಿತು. ಗಾಳಿಯದು ಅಂಗಳವನ್ನು ದಾಟಿ ಗೇಟಿನ ಕಂಬಕ್ಕೆ ಬಡಿದು ಪುಟಿಯಿತು. ಸುಖಕ್ಕಾಗಿ ಹುಡುಕಿದ ವಸ್ತುವಿನಲ್ಲಿ ವೇಗವೂ ಅಡಗಿತ್ತು. 1888ರಲ್ಲಿ ಹಕ್ಕುಪತ್ರ ಕೈಸೇರಿತು.

ಆದರೆ ಅವನಿಗಿಂತ ಮುಂಚೆಯೇ ಒಬ್ಬನಿದ್ದ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಟಾಮ್ಸನ್ 1845ರಲ್ಲೇ ಗಾಳಿಗಾಲಿಗೆ ಹಕ್ಕುಪತ್ರ ಪಡೆದು, ಲಂಡನ್ನಿನಲ್ಲಿ ಕುದುರೆಗಾಡಿಗಳಿಗೆ ಅದನ್ನು ಕಟ್ಟಿ ಓಡಿಸಿಯೂ ತೋರಿಸಿದ್ದ. ತೆಳ್ಳಗಿನ ರಬ್ಬರು ಆಗ ದುಬಾರಿ. ಸೈಕಲ್ಲು ಇನ್ನೂ ಬಳಕೆಗೆ ಬಂದಿರಲಿಲ್ಲ. ಜನ ಮರೆತರು. ಮುಂದೆ ಟಾಮ್ಸನ್ನನ ಹಳೆಯ ಕಾಗದ ಬೆಳಕಿಗೆ ಬಂದಾಗ ಡನ್‌ಲಪ್ಪನ ಹಕ್ಕು ನಿಲ್ಲಲಿಲ್ಲ. 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಸುಲಭವಾಗಿ ಕಳಚುವ ಟೈರನ್ನು ತಂದರು. ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರಿನ ಪಂದ್ಯವನ್ನು ಶಾರ್ಲ್ ಟೆರಾಂ ಆ ಟೈರಿನ ಮೇಲೆಯೇ ಗೆದ್ದ. ಗಟ್ಟಿ ರಬ್ಬರಿನ ಕಾಲ ಮುಗಿಯಿತು.

ಆಮೇಲೆ ನಡೆದದ್ದೇ ವಿಚಿತ್ರ. ಗಾಳಿಯನ್ನು ಒಪ್ಪಿದ ಪಂದ್ಯಲೋಕ ಮೆತ್ತಗಿರುವುದನ್ನು ಒಪ್ಪಲಿಲ್ಲ. ಟೈರು ಕಿರಿದಾದಷ್ಟೂ, ಕಲ್ಲಿನಂತೆ ಬಿಗಿಯಾದಷ್ಟೂ ವೇಗ ಹೆಚ್ಚೆಂಬ ನಂಬಿಕೆ ಬೇರೂರಿತು. ಸೇಂಟ್ ಎಟಿಯೆನ್ನಿನ ಪಾಲ್ ದ ವಿವಿ ತನ್ನ ಪತ್ರಿಕೆಯಲ್ಲಿ ಅಗಲ ಟೈರಿನ ಪರವಾಗಿ ವಾದಿಸಿದ, ಪಂದ್ಯದವರು ಕಿವಿಗೊಡಲಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಗೆ 20ರಿಂದ 23 ಮಿಲಿಮೀಟರಿನ ಟೈರು, ಅದರಲ್ಲಿ 120 ಪೌಂಡು ಗಾಳಿ, ಇದೇ ಶಾಸ್ತ್ರವಾಗಿತ್ತು.

ಈ ಶಾಸ್ತ್ರಕ್ಕೆ ಪ್ರಯೋಗಶಾಲೆಯ ಬೆಂಬಲವೂ ಇತ್ತು. ನುಣುಪಾದ ಉಕ್ಕಿನ ಉರುಳೆಯ ಮೇಲೆ ಟೈರನ್ನು ಓಡಿಸಿದರೆ ಗಾಳಿ ಹೆಚ್ಚಿದಷ್ಟೂ ತಡೆ ಕಡಿಮೆಯಾಗುತ್ತದೆ, ನಿಜ. ಆದರೆ ರಸ್ತೆ ಉಕ್ಕಿನದಲ್ಲ. ಒರಟು ನೆಲದಲ್ಲಿ ಬಿಗಿಯಾದ ಟೈರು ಪ್ರತಿಯೊಂದು ಹರಳಿಗೂ ಸವಾರನನ್ನು ಮೇಲಕ್ಕೆತ್ತಿ ಕುಕ್ಕುತ್ತದೆ. ಮುಂದೆ ಸಾಗಬೇಕಾದ ಶಕ್ತಿ ಅವನ ಮೈಯ ಕುಲುಕಾಟದಲ್ಲಿ ಕರಗಿಹೋಗುತ್ತದೆ. ಅಗಲ ಟೈರು ಕಡಿಮೆ ಗಾಳಿಯಲ್ಲಿ ಹರಳನ್ನು ತನ್ನೊಳಗೇ ನುಂಗಿ ಮುಂದೆ ಉರುಳುತ್ತದೆ. ಅದರ ತೂಕ ಸ್ವಲ್ಪ ಹೆಚ್ಚು, ಎದುರುಗಾಳಿಗೆ ಅದು ಒಡ್ಡುವ ಮೈಯೂ ಹೆಚ್ಚು. ಆದರೂ ಒಟ್ಟು ಲೆಕ್ಕದಲ್ಲಿ ನಷ್ಟವಿಲ್ಲವೆಂದು 2010ರ ನಂತರ ಪಂದ್ಯದ ತಂಡಗಳಿಗೆ ಮನವರಿಕೆಯಾಯಿತು. 23 ಹೋಗಿ 25 ಬಂತು. ಬಳಿಕ 28, 30.

ಜೊತೆಗೆ ಟ್ಯೂಬಿಗೂ ವಿದಾಯದ ಕಾಲ ಬಂತು. ಬೆಟ್ಟದ ಸೈಕಲ್ಲುಗಳಿಗೆ 1999ರಲ್ಲಿ ಬಂದ ಟ್ಯೂಬಿಲ್ಲದ ಟೈರು 2006ರ ಸುಮಾರಿಗೆ ರಸ್ತೆ ಸೈಕಲ್ಲಿಗೂ ಇಳಿಯಿತು. ಟ್ಯೂಬು ಟೈರುಗಳ ನಡುವಣ ತಿಕ್ಕಾಟ ಇದರಲ್ಲಿಲ್ಲ. ಹಳ್ಳಕ್ಕೆ ಬಿದ್ದಾಗ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಹರಿಯಲು ಟ್ಯೂಬೇ ಇಲ್ಲ. ಮುಳ್ಳು ಚುಚ್ಚಿದರೆ ಒಳಗೆ ಸುರಿದ ಹಾಲಿನಂಥ ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ಆದರೆ ಆ ದ್ರವ ಕೆಲವು ತಿಂಗಳುಗಳಲ್ಲಿ ಒಣಗುವುದರಿಂದ ಮತ್ತೆ ಮತ್ತೆ ತುಂಬಬೇಕು.

ಹೊಸದೆಲ್ಲ ನಿರಪಾಯವೆಂದಲ್ಲ. ಟೈರಿನ ಅಂಚನ್ನು ಹಿಡಿದಿಡುವ ಕೊಕ್ಕೆಯಿಲ್ಲದ ರಿಮ್ಮುಗಳೂ ಈಗ ಬಂದಿವೆ. ಅವುಗಳಲ್ಲಿ 72.5 ಪೌಂಡಿಗಿಂತ ಹೆಚ್ಚು ಗಾಳಿ ತುಂಬಬಾರದೆಂಬುದು ನಿಯಮ. 2024ರ ಫೆಬ್ರವರಿಯಲ್ಲಿ ಅರಬ್ ಎಮಿರೇಟ್ಸ್‌ನ ಪಂದ್ಯದಲ್ಲಿ ಬೆಲ್ಜಿಯಂನ ಸವಾರ ಥಾಮಸ್ ಡಿ ಗೆಂಟ್ ನೆಲಕ್ಕುರುಳಿದಾಗ ಅವನ ಟೈರು ಇಂಥ ರಿಮ್ಮಿನಿಂದ ಕಳಚಿಬಂದಿತ್ತು. ಟೈರಿನ ಅಗಲ 28 ಮಿಲಿಮೀಟರು, ರಿಮ್ಮಿನ ಒಳಅಗಲ 25. ಕಾರಣ ಹಾದಿಯ ಕಲ್ಲೋ ಅಳತೆಯ ಹೊಂದಾಣಿಕೆಯೋ ಎಂದು ವಾದವಿವಾದ ನಡೆಯಿತು. ಕೊಳ್ಳುವವರಿಗೆ ಪಾಠ ಸ್ಪಷ್ಟ: ಬರಿಯ ಟೈರನ್ನು ನೋಡಿದರೆ ಸಾಲದು. ರಿಮ್ಮಿನ ಒಳಅಗಲವೆಷ್ಟು, ಅದಕ್ಕೆ ಒಪ್ಪುವ ಟೈರು ಯಾವುದು, ಚೌಕಟ್ಟಿನಲ್ಲಿ ಜಾಗವೆಷ್ಟು ಎಂದು ಕೇಳಬೇಕು. ಟೈರಿನ ಮೇಲೂ ರಿಮ್ಮಿನ ಮೇಲೂ ನಮೂದಾದ ಗಾಳಿಯ ಮಿತಿಗಳಲ್ಲಿ ಕಡಿಮೆಯದನ್ನೇ ಪಾಲಿಸಬೇಕು.

ನಮ್ಮ ಊರುಗಳಲ್ಲಿ ಅಂಚೆಯವರೂ ಹಾಲಿನವರೂ ತುಳಿದ ಕರಿಯ ಸೈಕಲ್ಲಿನ ಟೈರು ಒಂದೂವರೆ ಅಂಗುಲದ್ದು. ಎಂದರೆ 40 ಮಿಲಿಮೀಟರಿಗೆ ಹತ್ತಿರ. ಇಂದಿನ ಹಗುರ ಟೈರಿಗೂ ಅದಕ್ಕೂ ತೂಕದಲ್ಲಾಗಲಿ ನೇಯ್ಗೆಯಲ್ಲಾಗಲಿ ಹೋಲಿಕೆಯಿಲ್ಲ. ಆದರೆ ಹಳ್ಳದಿಣ್ಣೆಯ ರಸ್ತೆಗೆ ಎಷ್ಟು ಅಗಲ ಬೇಕೆಂಬುದನ್ನು ಆ ಸೈಕಲ್ಲು ಮರೆತಿರಲಿಲ್ಲ. ಮೂಲೆಯ ಅಂಗಡಿಯಲ್ಲಿ ಬ್ಲೋ ಹೊಡೆಸುವಾಗ "ಇನ್ನೂ ಗಟ್ಟಿಯಾಗಲಿ" ಎನ್ನುವ ನಾವು, ಒಮ್ಮೆ ಡನ್‌ಲಪ್ಪನ ಅಂಗಳದಲ್ಲಿ ಉರುಳಿದ ಆ ಬಿಲ್ಲೆಯನ್ನು ನೆನೆಯಬಹುದು.