ಗಡ್ಡೆಗೊಂದು ಹೆಸರು

2019ರ ಶ್ರಾವಣದ ಒಂದು ಸಂಜೆ ತಂಗಿಯ ಫೋನು ಬಂತು. ಮಾತಿಗಿಂತ ಅಳುವೇ ಹೆಚ್ಚು. "ಅಕ್ಕಾ, ಅಣ್ಣನಿಗೆ ಬಂದದ್ದೇ ನನ್ನ ಮಗಳಿಗೂ ಬಂದಿದೆಯಂತೆ" ಎಂದಳು. ಹುಡುಗಿಗೆ ಆಗ ಇಪ್ಪತ್ತಮೂರು ವರ್ಷ. ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ತುದಿಯಲ್ಲಿ ಕಿತ್ತಳೆ ಹಣ್ಣಿನಷ್ಟು ದೊಡ್ಡ ಗಡ್ಡೆ ಕಂಡಿತ್ತು.

ನಮ್ಮಣ್ಣ 2008ರಲ್ಲಿ ತೀರಿಕೊಂಡದ್ದು ಅದೇ ಗ್ರಂಥಿಯ ಕ್ಯಾನ್ಸರಿನಿಂದ. ಕಣ್ಣು ಹಳದಿಯಾದಾಗ ಕಾಮಾಲೆ ಎಂದುಕೊಂಡು ನಾಟಿ ಔಷಧಿ ಕುಡಿಸಿದ್ದೆವು. ರೋಗ ಗೊತ್ತಾದ ಮೇಲೆ ಏಳು ತಿಂಗಳು ಇದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಆ ಗ್ರಂಥಿಯ ಹೆಸರೆತ್ತಿದರೆ ಸಾವಿನ ಹೆಸರೆತ್ತಿದಂತೆಯೇ.

ಆದರೆ ವೈದ್ಯರು ತಂಗಿಗೆ, "ಎಲ್ಲಾ ಗಡ್ಡೆಯೂ ಒಂದೇ ಅಲ್ಲಮ್ಮ. ಯಾವ ಜಾತಿಯದ್ದು ಅಂತ ಮೊದಲು ನೋಡೋಣ" ಎಂದರಂತೆ. ಗಡ್ಡೆಯ ಚೂರೊಂದನ್ನು ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಹತ್ತು ದಿನ. ಆ ದಿನಗಳನ್ನು ಕಳೆಯಲು ನಾನು ಓದತೊಡಗಿದೆ. ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳು ನಾನು. ಯಾವುದನ್ನೇ ಆಗಲಿ ಇಸವಿ ಹಿಡಿದು ನಡೆದರೆ ಮಾತ್ರ ನನ್ನ ತಲೆಗೆ ಹತ್ತುತ್ತದೆ.

ಹೊಟ್ಟೆಯ ಹಿಂದೆ ಅಡ್ಡಲಾಗಿ ಮಲಗಿರುವ, ಸುಮಾರು ಅರ್ಧ ಅಡಿ ಉದ್ದದ ಈ ಗ್ರಂಥಿಗೆ ಎರಡು ಕೆಲಸ. ಜೀರ್ಣರಸವನ್ನು ನಾಳದ ಮೂಲಕ ಕರುಳಿಗೆ ಕಳಿಸುವುದು ಒಂದು. ಇನ್ಸುಲಿನ್‌ನಂಥ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುವುದು ಇನ್ನೊಂದು. ಎರಡನೆಯದು ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. 1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಮೊಲದ ಗ್ರಂಥಿಯನ್ನು ಸೂಕ್ಷ್ಮದರ್ಶಕದಡಿ ನೋಡುವಾಗ, ಬೇರೆಯೇ ಬಗೆಯ ಜೀವಕೋಶಗಳ ಸಣ್ಣ ಸಣ್ಣ ಗುಂಪುಗಳನ್ನು ಕಂಡ. ಅವನಿಗೆ ಇಪ್ಪತ್ತೊಂದು ವರ್ಷ. ಅವುಗಳ ಕೆಲಸವೇನೋ ತನಗೆ ತಿಳಿಯದೆಂದು ತನ್ನ ಪ್ರಬಂಧದಲ್ಲಿ ಪ್ರಾಮಾಣಿಕವಾಗಿ ಬರೆದ. 1888ರಲ್ಲಿ, ನಲವತ್ತನೇ ವಯಸ್ಸಿನಲ್ಲಿ ತೀರಿಹೋದ. ಆ ಗುಂಪುಗಳಿಗೆ 'ಲ್ಯಾಂಗರ್‌ಹಾನ್ಸ್ ದ್ವೀಪಗಳು' ಎಂಬ ಹೆಸರು ಬಂದದ್ದು 1893ರಲ್ಲಿ, ಫ್ರಾನ್ಸಿನ ಲಾಗೆಸ್ ಎಂಬುವರಿಂದ.

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದ ಮೇಲೆ ಗಡ್ಡೆಗಳ ಗುಟ್ಟೂ ಬಿಚ್ಚತೊಡಗಿತು. 1926ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿಗೆ ಒಬ್ಬ ರೋಗಿ ಬಂದ. ಅವನೂ ವೈದ್ಯನೇ. ರಕ್ತದ ಸಕ್ಕರೆ ಪದೇ ಪದೇ ಇಳಿದು ಪ್ರಜ್ಞೆ ತಪ್ಪುತ್ತಿತ್ತು. ಹೊಟ್ಟೆ ತೆರೆದಾಗ ದ್ವೀಪದ ಜೀವಕೋಶಗಳ ಗಡ್ಡೆ ಪಿತ್ತಜನಕಾಂಗಕ್ಕೂ ಹಬ್ಬಿತ್ತು. ಆ ಗಡ್ಡೆಯ ಸತ್ವವನ್ನು ಮೊಲಗಳಿಗೆ ಚುಚ್ಚಿದರೆ ಅವುಗಳ ಸಕ್ಕರೆಯೂ ಇಳಿಯಿತು! ಕೆಟ್ಟುಹೋದ ಮೇಲೂ ಆ ಜೀವಕೋಶ ತನ್ನ ತವರಿನ ಕೆಲಸ ಮರೆತಿರಲಿಲ್ಲ. 1929ರಲ್ಲಿ ಟೊರಾಂಟೊದ ರೋಸ್ಕೊ ಗ್ರಹಾಂ ಇಂಥದೇ ಗಡ್ಡೆಯನ್ನು ಹೆಂಗಸೊಬ್ಬಳ ಹೊಟ್ಟೆಯಿಂದ ತೆಗೆದರು, ಆಕೆ ಗುಣವಾದಳು.

ಇವುಗಳನ್ನು ವಿಂಗಡಿಸುವ ಸೂತ್ರವೇ ಇದು: ಗಡ್ಡೆ ಯಾವ ಮನೆಯ ಜೀವಕೋಶವನ್ನು ಹೋಲುತ್ತದೆ? ನಾಳದ ಜೀವಕೋಶಗಳದ್ದು ಒಂದು ಬಗೆ. ಈ ಗ್ರಂಥಿಯ ಕ್ಯಾನ್ಸರುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಅದೇ, ಸದ್ದಿಲ್ಲದೆ ಬೆಳೆಯುವಂಥದ್ದು. ದ್ವೀಪಗಳದ್ದು ಇನ್ನೊಂದು; ಸಾಮಾನ್ಯವಾಗಿ ನಿಧಾನ. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಪತ್ತೆಯಾದದ್ದು ಈ ಬಗೆ. ಅವರು 2011ರವರೆಗೆ ಬದುಕಿದ್ದರು. ನೀರೋ ಲೋಳೆಯೋ ತುಂಬಿದ ಚೀಲದಂಥ ಗಡ್ಡೆಗಳು ಮತ್ತೊಂದು ಸಾಲು. ಅವುಗಳಲ್ಲಿ ಕೆಲವು ನಿರುಪದ್ರವಿ, ಕೆಲವು ಮುಂದೆ ಕ್ಯಾನ್ಸರಾಗಬಲ್ಲವು.

ಯಾವ ಸಾಲಿಗೂ ಸೇರದ ಒಂದನ್ನು ಗುರುತಿಸಿದ್ದು ಒಬ್ಬ ಹೆಣ್ಣುಮಗಳು, ನ್ಯೂಯಾರ್ಕಿನ ವರ್ಜಿನಿಯಾ ಫ್ರಾಂಟ್ಜ್. ಪ್ರೆಸ್‌ಬಿಟೇರಿಯನ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ತರಬೇತಿಗೆ ಸೇರಿದ ಮೊದಲ ಮಹಿಳೆ ಆಕೆ. ಮುಂದೆ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡರು. 1935ರಲ್ಲಿ ಹೆಸರಾಂತ ಸರ್ಜನ್ ವಿಪಲ್ ಅವರ ಜೊತೆ ದ್ವೀಪದ ಗಡ್ಡೆಗಳ ಬಗ್ಗೆ ಬರೆದರು. 1959ರಲ್ಲಿ ಈ ಗ್ರಂಥಿಯ ಗಡ್ಡೆಗಳ ಮೇಲೆ ಅವರದೇ ಪುಸ್ತಕ ಬಂತು. ಅದರಲ್ಲಿ ಒಂದು ವಿಚಿತ್ರ ಬಗೆಯನ್ನು ವರ್ಣಿಸಿ, ಇದು ನಿರಪಾಯಕಾರಿಯೋ ಮಾರಕವೋ ಎಂದು ಪ್ರಶ್ನೆಯಾಗಿಯೇ ಬಿಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವುದಕ್ಕೂ ವಿದ್ಯೆ ಬೇಕು. ಫ್ರಾಂಟ್ಜ್ 1967ರಲ್ಲಿ ತೀರಿಕೊಂಡರು. ಆ ಗಡ್ಡೆ ಬೇರೆ ಬೇರೆ ಹೆಸರುಗಳಲ್ಲಿ ಓಡಾಡಿ, 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ 'ಸಾಲಿಡ್ ಸ್ಯೂಡೋಪ್ಯಾಪಿಲರಿ' ಎಂಬ ಹೆಸರು ಪಡೆಯಿತು. ಇದು ಬರುವುದು ಬಹುಪಾಲು ಹೆಂಗಸರಿಗೆ, ಅದರಲ್ಲೂ ಇಪ್ಪತ್ತು ಮೂವತ್ತರ ಪ್ರಾಯದವರಿಗೆ. ಯಾವ ಜೀವಕೋಶದಿಂದ ಹುಟ್ಟುತ್ತದೆಂದು ಇಂದಿಗೂ ಖಚಿತವಿಲ್ಲ. ಪೂರ್ತಿ ಸಾಧುವೂ ಅಲ್ಲ, ಕೆಲವರಲ್ಲಿ ಹಬ್ಬುತ್ತದೆ. ಆದರೆ ಪೂರ್ತಿಯಾಗಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ.

ಹತ್ತನೆಯ ದಿನ ವರದಿಯಲ್ಲಿ ಇದ್ದದ್ದು ಅದೇ ಹೆಸರು. ಗ್ರಂಥಿಯ ತುದಿಯನ್ನೂ ಗುಲ್ಮವನ್ನೂ ತೆಗೆದರು. ಹುಡುಗಿ ಈಗ ಆರಾಮಾಗಿದ್ದಾಳೆ. ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗಿಬರುತ್ತಾಳೆ. ಆಗ ಮಾತುಕತೆಯಲ್ಲಿದ್ದ ಸಂಬಂಧವೊಂದು "ಕ್ಯಾನ್ಸರಂತೆ" ಎಂಬ ಸುದ್ದಿಗೇ ಮುರಿದುಬಿತ್ತು. "ಇನ್ನು ಯಾರ ಮುಂದೂ ಬಾಯಿ ಬಿಡಬೇಡಿ" ಎಂದು ಹಿರಿಯರು ಹೇಳಿದರು. 2022ರಲ್ಲಿ ಇನ್ನೊಂದು ಸಂಬಂಧ ಬಂದಾಗ ಅವಳು ವರದಿಯನ್ನು ತಾನೇ ತಂದು ಹುಡುಗನ ಮುಂದಿಟ್ಟಳು. "ಪೂರ್ತಿ ಹೆಸರು ಓದಿ, ಆಮೇಲೆ ಹೇಳಿ" ಎಂದಳು. ಅವರು ಓದಿದರು. ಮದುವೆಯಾಯಿತು.

ಆ ಮದುವೆಯ ನಂತರ ಒಂದು ದಿನ ಅಟ್ಟದಿಂದ ಅಣ್ಣನ ಆಸ್ಪತ್ರೆ ಕಾಗದಗಳನ್ನು ಇಳಿಸಿ ನೋಡಿದೆ. ಅಲ್ಲಿಯೂ ಹೆಸರಿತ್ತು: ನಾಳದ ಜಾತಿ. ಗೊತ್ತಿದ್ದರೂ ಅವನನ್ನು ಉಳಿಸಿಕೊಳ್ಳುತ್ತಿದ್ದೆವೆಂದು ಹೇಳಲಾರೆ. ಆದರೆ ಆ ಏಳು ತಿಂಗಳಲ್ಲಿ, ಬಿ.ಎ., ಬಿ.ಎಡ್. ಓದಿದ ನಾನೂ ಸೇರಿದಂತೆ, ಮನೆಯ ಒಬ್ಬರೂ ಅದನ್ನು ಓದಿರಲಿಲ್ಲ.