ಮೈಕ್ರೊಪ್ರೊಸೆಸರ್ ಬಸ್ ಟೈಮಿಂಗ್

ಮೈಕ್ರೊಪ್ರೊಸೆಸರ್ ಮತ್ತು ಅದರ ಸಿಸ್ಟಂ ಬಸ್ ನಡುವೆ ದತ್ತಾಂಶ ಯಾವ ಕ್ಷಣದಲ್ಲಿ ದಾಟಬೇಕು ಎಂದು ಗೊತ್ತುಮಾಡುವ ಕ್ರಮ. ಪ್ರೊಸೆಸರ್ ವಿಳಾಸ ಕೊಟ್ಟ ಕೂಡಲೇ ಮೆಮೊರಿ ಉತ್ತರಿಸಲಾರದು. ಆತುರಪಟ್ಟು ಓದಿದರೆ ಸಿಗುವುದು ಕಸ. ಅಗತ್ಯಕ್ಕಿಂತ ಹೆಚ್ಚು ಕಾದರೆ ವೇಗವೆಲ್ಲ ವ್ಯರ್ಥ. ಯಾರಿಗಾಗಿ ಯಾರು ಕಾಯಬೇಕು ಎಂಬುದನ್ನು ಒಂದೊಂದು ಕಾಲ ಒಂದೊಂದು ರೀತಿಯಲ್ಲಿ ಬಗೆಹರಿಸಿಕೊಂಡಿದೆ.

ಇಂಟೆಲ್ 1971ರಲ್ಲಿ ತಂದ 4004 ಚಿಪ್ಪಿಗೆ ಇದ್ದದ್ದು 16 ಪಿನ್ನುಗಳು. ವಿಳಾಸ, ಆದೇಶ, ದತ್ತಾಂಶ ಎಲ್ಲವೂ ನಾಲ್ಕೇ ತಂತಿಗಳಲ್ಲಿ ಸರದಿಯಂತೆ ಹೋಗಬೇಕಿತ್ತು. ಎಂಟು ಕ್ಲಾಕ್‌ಗಳ ಒಂದು ಸುತ್ತು (ಕ್ಲಾಕ್ ಎಂದರೆ ಚಿಪ್ಪಿನ ಕೆಲಸಕ್ಕೆ ತಾಳ ಹಾಕುವ ಒಂದು ಮಿಡಿತ). ಅದರಲ್ಲಿ ಮೂರು ವಿಳಾಸಕ್ಕೆ, ಎರಡು ಆದೇಶಕ್ಕೆ. ಜೊತೆಯ ಮೆಮೊರಿ ಚಿಪ್ಪುಗಳೂ ಅದೇ ಕಂಪನಿಯವು, ಅದೇ ಎಣಿಕೆಯಲ್ಲಿ ನಡೆಯುವಂಥವು. ಹಾಗಾಗಿ ಕಾಯುವ ಪ್ರಶ್ನೆಯೇ ಬರಲಿಲ್ಲ. 1974ರ 8080ಕ್ಕೆ ಯಾರ ಮೆಮೊರಿಯನ್ನಾದರೂ ಜೋಡಿಸಬಹುದಿತ್ತು. ನಿಧಾನದ ಮೆಮೊರಿಗೂ ಅವಕಾಶ ಕೊಡಲೆಂದು ಅದರಲ್ಲಿ ‘ರೆಡಿ’ ಎಂಬ ಪಿನ್ ಇತ್ತು. ಮೆಮೊರಿ ಅದರ ಮೂಲಕ ತಡೆದಷ್ಟು ಹೊತ್ತೂ ಪ್ರೊಸೆಸರ್ ಇದ್ದಲ್ಲೇ ನಿಲ್ಲುತ್ತಿತ್ತು. ಹೀಗೆ ನಿಂತ ಪ್ರತಿ ಕ್ಲಾಕ್‌ಗೂ ‘ವೇಟ್ ಸ್ಟೇಟ್’ ಎಂದು ಹೆಸರು.

ಎಂಒಎಸ್ ಟೆಕ್ನಾಲಜಿಯ 6502 (1975) ಇನ್ನೂ ಸರಳ: ಒಂದು ಕ್ಲಾಕ್‌ಗೆ ಒಂದು ವರ್ಗಾವಣೆ, ಅದೂ ಕ್ಲಾಕ್‌ನ ಎರಡನೇ ಅರ್ಧದಲ್ಲಿ. ಸ್ಟೀವ್ ವೋಜ್ನಿಯಾಕ್ 1977ರ ಆಪಲ್ 2ರಲ್ಲಿ ಉಳಿದರ್ಧವನ್ನು ಪರದೆಯ ಚಿತ್ರ ಓದಲು ಕೊಟ್ಟರು. ಆ ಓದಿನಿಂದಲೇ, ಆಗಾಗ ಓದದಿದ್ದರೆ ಮರೆತುಬಿಡುವ ಡೈನಮಿಕ್ ಮೆಮೊರಿಯ ರಿಫ್ರೆಶ್ ಕೂಡ ಆಗಿಬಿಡುತ್ತಿತ್ತು. ಪ್ರೊಸೆಸರ್‌ಗೆ ಒಂದಿಷ್ಟೂ ಅಡ್ಡಿಯಿಲ್ಲ. ಬಸ್ ಟೈಮಿಂಗ್‌ನ ಚರಿತ್ರೆಯಲ್ಲಿ ಇಷ್ಟು ಚೊಕ್ಕವಾದ ಯೋಜನೆ ಅಪರೂಪ.

1981ರ ಐಬಿಎಂ ಪಿಸಿಯಲ್ಲಿ ಎಲ್ಲದಕ್ಕೂ ಮೂಲ 14.31818 ಮೆಗಾಹರ್ಟ್ಸ್‌ನ ಒಂದು ಹರಳು. ಅದನ್ನು ಮೂರರಿಂದ ಭಾಗಿಸಿದರೆ 8088 ಪ್ರೊಸೆಸರ್‌ನ 4.77 ಮೆಗಾಹರ್ಟ್ಸ್, ಅಂದರೆ ಕ್ಲಾಕ್ ಒಂದಕ್ಕೆ 210 ನ್ಯಾನೊಸೆಕೆಂಡ್. ಮೆಮೊರಿ ಓದಲು ಕನಿಷ್ಠ ನಾಲ್ಕು ಕ್ಲಾಕ್. ಮೊದಲ ಕ್ಲಾಕ್ ಆದ ಟಿ1ರಲ್ಲಿ ವಿಳಾಸ ಹೊರಬರುತ್ತದೆ; ಅದೇ ತಂತಿಗಳಲ್ಲಿ ಮುಂದೆ ದತ್ತಾಂಶ ಬರಬೇಕಾದ್ದರಿಂದ ಪಕ್ಕದ ಲ್ಯಾಚ್ ಚಿಪ್ ವಿಳಾಸವನ್ನು ಹಿಡಿದಿಟ್ಟುಕೊಳ್ಳುತ್ತದೆ. ಟಿ2ರಲ್ಲಿ ತಂತಿ ತೆರವು, ಓದುವ ಸನ್ನೆ. ಟಿ3ರಲ್ಲಿ ದತ್ತಾಂಶದ ನಿರೀಕ್ಷೆ. ಟಿ4ರಲ್ಲಿ ಮುಕ್ತಾಯ. ಒಟ್ಟು 840 ನ್ಯಾನೊಸೆಕೆಂಡ್. ಮೆಮೊರಿ ಸಿದ್ಧವಿಲ್ಲದಿದ್ದರೆ ಟಿ3, ಟಿ4ರ ನಡುವೆ ವೇಟ್ ಸ್ಟೇಟ್ ಸೇರುತ್ತಿತ್ತು. ಇನ್‌ಪುಟ್-ಔಟ್‌ಪುಟ್ ಸಾಧನಗಳ ವಿಷಯದಲ್ಲಿ ಐಬಿಎಂ ತಾನಾಗಿಯೇ ಒಂದು ಕ್ಲಾಕ್ ಹೆಚ್ಚಿಗೆ ಕೊಟ್ಟಿತ್ತು.

ಮೊಟೊರೋಲಾ 68000 (1979) ಬೇರೆ ದಾರಿ ಹಿಡಿಯಿತು. ಎದುರಿನ ಸಾಧನ ‘ಡಿಟ್ಯಾಕ್’ ಪಿನ್ನಿನಲ್ಲಿ ಒಪ್ಪಿಗೆ ಕೊಟ್ಟರಷ್ಟೇ ವರ್ಗಾವಣೆ ಮುಗಿಯುತ್ತಿತ್ತು. ಇಂಟೆಲ್‌ನ ಬಸ್ಸಿನಲ್ಲಿ ಯಾರೂ ತಡೆಯದಿದ್ದರೆ ಕೆಲಸ ಮುಂದುವರಿಯುತ್ತದೆ. ಇಲ್ಲಿ ಯಾರೂ ಹೇಳದಿದ್ದರೆ ನಿಲ್ಲುತ್ತದೆ. ಈ ಸವಾಲು-ಜವಾಬಿನ ಕ್ರಮ ಡಿಇಸಿ ಕಂಪನಿಯ ಪಿಡಿಪಿ-11 ಯಂತ್ರದ ಯೂನಿಬಸ್‌ನಲ್ಲಿ 1970ರಿಂದಲೇ ಬಳಕೆಯಲ್ಲಿತ್ತು. ಮೆಮೊರಿ ಸಾಕಷ್ಟು ಚುರುಕಾಗಿದ್ದರೆ ಡಿಟ್ಯಾಕ್ ಪಿನ್ನನ್ನು ನೇರ ಗ್ರೌಂಡ್‌ಗೆ ಜೋಡಿಸಿದರೂ ಸಾಕಾಗುತ್ತಿತ್ತು. 1981ರಲ್ಲಿ ಶುರುವಾದ ಒಂದು ಅಮೆರಿಕನ್ ಸುದ್ದಿಪತ್ರ ‘ಡಿಟ್ಯಾಕ್ ಗ್ರೌಂಡೆಡ್’ ಎಂಬ ಹೆಸರನ್ನೇ ಇಟ್ಟುಕೊಂಡಿತ್ತು.

ರೆಡಿ, ಡಿಟ್ಯಾಕ್ ಥರದ ಹೊರಗಿನ ಸನ್ನೆ ಪ್ರೊಸೆಸರ್‌ನ ಕ್ಲಾಕ್‌ಗೆ ತಾಳೆಯಾಗುತ್ತದೆಂಬ ಖಾತರಿಯಿಲ್ಲ. ಕ್ಲಾಕ್ ಬದಲಾಗುವ ಕ್ಷಣಕ್ಕೆ ಸರಿಯಾಗಿ ಅದೂ ಬದಲಾದರೆ, ಅದನ್ನು ಹಿಡಿದಿಡಬೇಕಾದ ಫ್ಲಿಪ್-ಫ್ಲಾಪ್ 0 ಎಂದೂ ಹೇಳದೆ 1 ಎಂದೂ ಹೇಳದೆ ಕೆಲಹೊತ್ತು ತೂಗಾಡಬಹುದು. ಟಾಮ್ ಚೇನಿ ಮತ್ತು ಚಾರ್ಲ್ಸ್ ಮೋಲ್ನಾರ್ 1973ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಈ ತೊಂದರೆಯನ್ನು ಪೂರ್ತಿ ನಿವಾರಿಸಲು ಬರುವುದಿಲ್ಲ. ಒಂದರ ಹಿಂದೆ ಇನ್ನೊಂದು ಫ್ಲಿಪ್-ಫ್ಲಾಪ್ ಇಟ್ಟು ಅಪಾಯವನ್ನು ತೀರಾ ವಿರಳವಾಗಿಸಬಹುದು, ಅಷ್ಟೆ.

ಪ್ರೊಸೆಸರ್‌ಗಳ ವೇಗ ಏರುತ್ತ ಹೋದಂತೆ ಬಸ್ ಹಿಂದುಳಿಯಿತು. ಆ ಅಂತರ ತುಂಬಲು ಪುಟ್ಟ, ಚುರುಕಾದ ಕ್ಯಾಶ್ ಮೆಮೊರಿ ಬಂತು. 1989ರ 80486 ಒಂದೇ ವಿಳಾಸಕ್ಕೆ ಸಾಲಾಗಿ ನಾಲ್ಕು ವರ್ಗಾವಣೆ ಮಾಡುವುದನ್ನು ರೂಢಿಸಿಕೊಂಡಿತು. 1992ರ 486ಡಿಎಕ್ಸ್2 ಒಳಗೆ 66, ಹೊರಗೆ 33 ಮೆಗಾಹರ್ಟ್ಸ್‌ನಲ್ಲಿ ಓಡಿತು. ಬಸ್ಸಿನ ವೇಗವೇ ಪ್ರೊಸೆಸರ್‌ನ ವೇಗ ಎಂಬ ಹಳೆಯ ಕಟ್ಟು ಅಲ್ಲಿಗೆ ಸಡಿಲಿತು.

ಇದಕ್ಕಿಂತ ಆಳವಾದ ಬದಲಾವಣೆ 1990ರ ದಶಕದ ಕೊನೆಗೆ ಬಂತು. ಬೋರ್ಡಿನ ತಂತಿಯಲ್ಲಿ ಸಂಕೇತ ಒಂದು ನ್ಯಾನೊಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಕ್ಲಾಕ್ ಕೆಲವೇ ನ್ಯಾನೊಸೆಕೆಂಡಿಗೆ ಇಳಿದಾಗ ಎಲ್ಲರಿಗೂ ಒಂದೇ ಕ್ಲಾಕ್ ಎಂಬ ಏರ್ಪಾಡು ಕೈಕೊಡತೊಡಗಿತು. ಆಗ ಕಳಿಸುವವನೇ ದತ್ತಾಂಶದ ಜೊತೆ ಕ್ಲಾಕ್ ಸಂಕೇತವನ್ನೂ ಕಳಿಸುವ ಕ್ರಮ ಬಂತು. ಎರಡರದೂ ಒಂದೇ ದೂರದ ಪಯಣವಾದ್ದರಿಂದ ವಿಳಂಬವೂ ಸಮ. ಡಿಇಸಿಯ ಆಲ್ಫಾ 21264ಕ್ಕಾಗಿ ರೂಪುಗೊಂಡ ಇಂಥ ಇವಿ6 ಬಸ್ಸನ್ನು ಎಎಂಡಿ 1999ರ ಅಥ್ಲಾನ್‌ಗೆ ಬಳಸಿತು. 2000ದ ಪೆಂಟಿಯಂ 4, 100 ಮೆಗಾಹರ್ಟ್ಸ್ ಕ್ಲಾಕ್ ಒಂದಕ್ಕೆ ನಾಲ್ಕು ಸಲ ವರ್ಗಾಯಿಸಿ ಸೆಕೆಂಡಿಗೆ 3.2 ಗಿಗಾಬೈಟ್ ಮುಟ್ಟಿತು.

ಎಎಂಡಿ 2003ರಲ್ಲಿ, ಇಂಟೆಲ್ 2008ರ ಕೋರ್ ಐ7ನಲ್ಲಿ ಮೆಮೊರಿ ನಿಯಂತ್ರಕವನ್ನು ಪ್ರೊಸೆಸರ್ ಒಳಕ್ಕೇ ತಂದ ಮೇಲೆ ಹಂಚಿಕೊಳ್ಳುವ ಬಸ್ ಅಲ್ಲಿ ಉಳಿಯಲಿಲ್ಲ. ಟೈಮಿಂಗ್ ಪ್ರಶ್ನೆ ಮಾತ್ರ ಉಳಿಯಿತು: ಡಿಡಿಆರ್3 ಮೆಮೊರಿಯ ಮಾಡ್ಯೂಲ್‌ಗಳಲ್ಲಿ ಕ್ಲಾಕ್ ಒಂದೊಂದು ಚಿಪ್ಪಿಗೂ ಒಂದೊಂದು ಹೊತ್ತಿಗೆ ತಲಪುತ್ತದೆ. ಆದ್ದರಿಂದ ಯಂತ್ರ ಶುರುವಾಗುವಾಗ ನಿಯಂತ್ರಕ ಆ ವ್ಯತ್ಯಾಸವನ್ನು ತಾನೇ ಅಳೆದು, ಪ್ರತಿ ಚಿಪ್ಪಿಗೂ ಬೇಕಾದಷ್ಟು ವಿಳಂಬ ಹೊಂದಿಸಿಕೊಳ್ಳುತ್ತದೆ.